ಕೌದಿಯ ಪದರು ಮತ್ತು ಎಂಜಿನಿಯರಿಂಗ್ ಶಿಕ್ಷಣ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಗ್ರಾಮೀಣ ಮನೆಗಳಲ್ಲಿ ಕೌದಿ ಹೊಲಿಯುವುದು ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ಈ ಮನೆಗಳ ಮಕ್ಕಳು ಎಂಜಿನಿಯರಿಂಗ್ ಓದುತ್ತಿರುವುದು ಹೊಸತೇನಲ್ಲ. ಕಲಬುರಗಿಯ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು 1958ರಲ್ಲಿಯೇ ಆರಂಭವಾಯಿತು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿಯೇ ಇದೆ. ತಾಂತ್ರಿಕ ಸಂಸ್ಥೆಗಳಲ್ಲಿಯೂ ಕಲೆ ಮತ್ತು ಮಾನವಿಕ ವಿಷಯಗಳಿಗೆ ಹೆಚ್ಚಿನ ಸ್ಥಾನವಿರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಆದರೆ ಯಾವ ಕಲೆ, ಯಾರಿಂದ, ಎಲ್ಲಿ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಕೌದಿಯ ರಚನೆಯನ್ನು ಗಮನಿಸಬೇಕು. ಸವೆದ ಸೀರೆ, ಧೋತರಗಳನ್ನು ಹಲವು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಸಾಲುಸಾಲಾಗಿ ಕೈಹೊಲಿಗೆ ಹಾಕಲಾಗುತ್ತದೆ. ಒಂದೊಂದಾಗಿ ನೋಡಿದರೆ ಯಾವ ಬಟ್ಟೆಯೂ ಗಟ್ಟಿಯಲ್ಲ. ಹೊಲಿಗೆ ಬಿದ್ದ ಮೇಲೆ ಪದರುಗಳು ಒಂದರ ಮೇಲೊಂದು ಜಾರುವುದಿಲ್ಲ. ಒಂದೆಡೆ ಹರಿದರೂ ಹರುಕು ಮುಂದೆ ಹಬ್ಬದಂತೆ ಹೊಲಿಗೆಯ ಸಾಲು ತಡೆಯುತ್ತದೆ. ಸಮ ದಪ್ಪದ ಎರಡು ಹಲಗೆಗಳನ್ನು ಸುಮ್ಮನೆ ಒಂದರ ಮೇಲೊಂದಿಟ್ಟರೆ ಬಾಗುವಿಕೆಗೆ ಅವು ಒಡ್ಡುವ ಪ್ರತಿರೋಧ ಒಂದು ಹಲಗೆಯ ಎರಡರಷ್ಟು. ಜಾರದಂತೆ ಬಿಗಿಯಾಗಿ ಅಂಟಿಸಿದರೆ ಎಂಟರಷ್ಟು. ಎಂಜಿನಿಯರಿಂಗ್ ವಿದ್ಯಾರ್ಥಿ ಇದನ್ನು ಸೂತ್ರವಾಗಿ ಬರೆದುಕೊಳ್ಳುತ್ತಾನೆ. ಬಟ್ಟೆ ಹಲಗೆಯಲ್ಲ, ಹೊಲಿಗೆ ಅಂಟೂ ಅಲ್ಲ ನಿಜ. ಆದರೂ ಜಾರುವಿಕೆಯನ್ನು ತಡೆಯುವುದೆಂದರೇನೆಂಬುದು ಕೌದಿ ಹಿಡಿದ ಕೈಗೆ ಬೇಗ ತಿಳಿಯುತ್ತದೆ.

ಇನ್ನೂ ಸೂಕ್ಷ್ಮವಾದುದು ಬೆಚ್ಚಗಿನ ಲೆಕ್ಕ. ಚಳಿಯನ್ನು ತಡೆಯುವುದು ಬಟ್ಟೆಯಷ್ಟೇ ಅಲ್ಲ, ಪದರುಗಳ ನಡುವೆ ನಿಂತ ಗಾಳಿ. ಹೊಲಿಗೆ ಒತ್ತಾದಷ್ಟೂ ಬಾಳಿಕೆ ಹೆಚ್ಚು. ಆದರೆ ಪದರು ಅಮರಿ ಗಾಳಿ ಕಡಿಮೆಯಾಗುತ್ತದೆ. ಸಡಿಲವಾದರೆ ಬೆಚ್ಚಗಿರುತ್ತದೆ, ಬೇಗ ಜೊಳ್ಳಾಗುತ್ತದೆ. ಬಾಳಿಕೆ, ಬೆಚ್ಚಗೆ, ತೂಕ, ಕೈಯಲ್ಲಿರುವ ಅರಿವೆ, ಬಿಡುವಿನ ದಿನಗಳು ಇಷ್ಟನ್ನೂ ತೂಗಿ ಹೊಲಿಗೆಯ ಅಂತರವನ್ನು ನಿರ್ಧರಿಸುವಾಕೆ ಮಾಡುತ್ತಿರುವುದು ವಿನ್ಯಾಸವೇ. ಅದರ ಜೊತೆಗೆ ಆಕೆ ಬಣ್ಣದ ಹೊಂದಿಕೆಯನ್ನೂ ನೋಡುತ್ತಾಳೆ. ಉಪಯುಕ್ತತೆ ಮತ್ತು ಚೆಲುವುಗಳನ್ನು ಎರಡು ವಿಭಾಗಗಳಾಗಿ ಒಡೆದದ್ದು ವಿಶ್ವವಿದ್ಯಾಲಯಗಳೇ ಹೊರತು ಜನಪದರಲ್ಲ.

ಜಡೆ ಕೋಲಾಟವೂ ಇಂಥದೇ. ಹಗ್ಗಗಳನ್ನು ಹೆಣೆದ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಹಿಮ್ಮುಖವಾಗಿ ಹಾಕಿದರಷ್ಟೇ ಜಡೆ ಬಿಚ್ಚಿಕೊಳ್ಳುತ್ತದೆ. ಒಬ್ಬರು ತಪ್ಪಿದರೂ ಗಂಟು. ಗಣಕವಿಜ್ಞಾನದ ತರಗತಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ ಜನಪದ ಕಲೆಗೆ ಸಿಗುವ ಜಾಗ ವೇದಿಕೆಯ ಹತ್ತು ನಿಮಿಷ. ಅದು ಕಲೆಯನ್ನು ಶಿಕ್ಷಣದೊಳಗೆ ಸೇರಿಸಿದಂತಲ್ಲ, ಊಟದ ಮುಂಚಿನ ಮನರಂಜನೆ. ಇತ್ತ ಗಿರಣಿಯ ಅಗ್ಗದ ಹೊದಿಕೆಗಳು ಬಂದಂತೆ ಕೌದಿ ಹೊಲಿಯುವ ಕೈಗಳು ಕಡಿಮೆಯಾಗುತ್ತಿವೆ. ಉನ್ನತ ಶಿಕ್ಷಣ ಸಂಸ್ಥೆಗಳು ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಕರೆಸಿ ಇರಿಸಿಕೊಂಡು ಕಲಿಸಲು ವಿಶ್ವವಿದ್ಯಾಲಯ ಅನುದಾನ ಆಯೋಗ 2023ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕೌದಿ ಹೊಲಿಯುವ ಜೇವರ್ಗಿಯ ಮುದುಕಿಯೊಬ್ಬಳನ್ನು ಅದರಡಿ ಸಂಭಾವನೆ ಕೊಟ್ಟು ವಸ್ತುಬಲದ ಪ್ರಯೋಗಾಲಯಕ್ಕೆ ಕರೆಸಬಹುದು. ಆಕೆ ಹೊಲಿದ ತುಂಡನ್ನೂ ಹೊಲಿಯದ ಪದರುಗಳನ್ನೂ ಅಲ್ಲಿಯ ಯಂತ್ರದಲ್ಲಿ ಎಳೆದು ನೋಡಿ, ಹೊಲಿಗೆಯ ಅಂತರಕ್ಕೂ ಹರಿಯುವ ಭಾರಕ್ಕೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳು ನಕ್ಷೆಯಲ್ಲಿ ಗುರುತಿಸಬಹುದು. ದಾಖಲೆಯಲ್ಲಿ ಆಕೆಯ ಹೆಸರು ಬೋಧಕರ ಸಾಲಿನಲ್ಲಿಯೇ ಇರಬೇಕಾದುದು ನ್ಯಾಯ.