ಎಡಚರಿಗೊಂದು ಬೇಟೆ ರೈಫಲ್: ಪರೀಕ್ಷೆ ಹೇಗೆ?

ಜಗತ್ತಿನಲ್ಲಿ ಸುಮಾರು ಶೇ 10ರಷ್ಟು ಮಂದಿ ಎಡಚರು. ಕತ್ತರಿಯಿಂದ ಹಿಡಿದು ಬಹುತೇಕ ಸಲಕರಣೆಗಳು ಬಲಗೈಯವರಿಗೆಂದೇ ರೂಪುಗೊಂಡಿವೆ. ಬಂದೂಕೂ ಇದಕ್ಕೆ ಹೊರತಲ್ಲ. ಆದರೆ ಬಂದೂಕಿನ ವಿಷಯದಲ್ಲಿ ಇದು ಬರಿಯ ಅನುಕೂಲದ ಮಾತಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು.

ಬೋಲ್ಟ್ ಆ್ಯಕ್ಷನ್ ರೈಫಲ್‌ನಲ್ಲಿ ಪ್ರತಿ ಗುಂಡು ಹಾರಿದ ಬಳಿಕ ಬೋಲ್ಟ್‌ನ ಹಿಡಿಕೆಯನ್ನು ಮೇಲೆತ್ತಿ ಹಿಂದಕ್ಕೆಳೆದು ಖಾಲಿ ತೋಟಾವನ್ನು ಹೊರಹಾಕಬೇಕು. ಸಾಮಾನ್ಯ ರೈಫಲ್‌ಗಳಲ್ಲಿ ಹಿಡಿಕೆ, ಕಿಂಡಿ ಎರಡೂ ಬಲಬದಿಯಲ್ಲಿರುತ್ತವೆ. ಎಡ ಹೆಗಲಿಗೆ ಬಂದೂಕು ಆನಿಸುವವರು ಕೈಯನ್ನು ಅದರ ಮೇಲಿನಿಂದ ಆಚೆಗೆ ಚಾಚಬೇಕಾಗುತ್ತದೆ, ಗುರಿ ಕದಲುತ್ತದೆ. ಅಪರೂಪಕ್ಕೆ ತೋಟಾ ಸೀಳಿದರೆ ಬಿಸಿ ಅನಿಲ ಹೊಮ್ಮುವ ಕಿಂಡಿಯೂ ಅವರ ಮುಖದ ಬದಿಯಲ್ಲೇ ಇರುತ್ತದೆ. ಬೋಲ್ಟ್ ಮತ್ತು ಕಿಂಡಿಗಳನ್ನು ಎಡಕ್ಕೆ ಬದಲಿಸಿದ ಮಾದರಿಗಳ ಮಹತ್ವ ಇರುವುದು ಇಲ್ಲಿಯೇ. ಅಮೆರಿಕದ ಸ್ಯಾವೇಜ್ ಕಂಪೆನಿಯ ‘ಮಾರ್ಕ್ 2’ ರೈಫಲ್‌ನ ಎಡಗೈ ಆವೃತ್ತಿ ಇಂತಹವುಗಳಲ್ಲಿ ಒಂದು. ಇದು ಬಳಸುವುದು .22 ಲಾಂಗ್ ರೈಫಲ್ ತೋಟಾ. ಆ ದೇಶದಲ್ಲಿ ಮೊಲ, ಅಳಿಲುಗಳ ಬೇಟೆಗೆ ಈ ತೋಟಾ ಬಹುಕಾಲದಿಂದ ಬಳಕೆಯಲ್ಲಿದೆ.

ಪರೀಕ್ಷೆಯ ಮೊದಲ ಹೆಜ್ಜೆ, ರೈಫಲ್ ಖಾಲಿ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು. ನಂತರ ಯಾವ ಕಣ್ಣು ಪ್ರಧಾನ ಎಂಬುದನ್ನು ತಿಳಿಯಬೇಕು. ಬಲಗೈಯವರಲ್ಲೂ ಕೆಲವರಿಗೆ ಎಡಗಣ್ಣೇ ಪ್ರಧಾನವಾಗಿರುತ್ತದೆ. ಅವರಿಗೂ ಎಡಗೈ ಮಾದರಿ ಒಪ್ಪಬಹುದು. ಕೆನ್ನೆ ಆನಿಸುವ ಉಬ್ಬು ಹಾಗೂ ಸುರಕ್ಷತಾ ಗುಂಡಿ ಎಡಗೈಗೆ ಹೊಂದುವಂತಿವೆಯೇ ಎಂಬುದನ್ನು ಬಿಡಿಯಾಗಿ ನೋಡಬೇಕು. ಟ್ರಿಗರ್ ಗಡುಸಾಗಿದ್ದರೆ ಎಳೆಯುವಾಗ ನಳಿಗೆ ಅಲುಗುತ್ತದೆ.

ಕೊನೆಯದು ನಿಖರತೆ. 50 ಗಜ ದೂರದಲ್ಲಿ ಗುರಿಯಿಟ್ಟು ಐದೈದು ಗುಂಡುಗಳ ಹಲವು ಸುತ್ತು ಹಾರಿಸಿ, ಅವುಗಳ ಸರಾಸರಿಯನ್ನು ಪರಿಗಣಿಸಬೇಕು. ಒಂದೇ ಒಳ್ಳೆಯ ಸುತ್ತು ಅದೃಷ್ಟವೂ ಆಗಿರಬಹುದು. ಒಂದೊಂದು ನಳಿಗೆಗೆ ಒಂದೊಂದು ಬಗೆಯ ತೋಟಾ ಒಗ್ಗುವುದರಿಂದ ಮೂರ್ನಾಲ್ಕು ಬಗೆಗಳನ್ನು ಹೋಲಿಸುವುದು ಅಗತ್ಯ. ಗುಂಡುಗಳು ಒಂದಂಗುಲದೊಳಗೆ ಬೀಳದಿದ್ದರೆ ಸಣ್ಣ ಪ್ರಾಣಿ ಸಾಯದೆ ಗಾಯಗೊಂಡು ನರಳುವ ಅಪಾಯವಿದೆ. ತೋಟಾ ಚಿಕ್ಕದೆಂಬ ಉದಾಸೀನ ಸಲ್ಲದು; .22 ಗುಂಡು ಒಂದು ಮೈಲಿಗಿಂತಲೂ ದೂರ ಸಾಗಬಲ್ಲದು. 2002ರಲ್ಲಿ ಬಂದ .17 ಎಚ್ಎಂಆರ್ ತೋಟಾ ಇನ್ನೂ ವೇಗವಾದುದು. ಸೆಕೆಂಡಿಗೆ ಸುಮಾರು 2,550 ಅಡಿ.

ಭಾರತದಲ್ಲಿ ಚಿತ್ರವೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಇಲ್ಲಿ ಬೇಟೆ ನಿಷಿದ್ಧ. ಕೊಡವರು ಹಾಗೂ ಜಮ್ಮಾ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯೂ ಬೇಟೆಗೆ ನೀಡಿದ ಅನುಮತಿಯಲ್ಲ. ಇಲ್ಲಿ .22 ರೈಫಲ್‌ಗೆ ಗುರಿಗಾರಿಕೆಯ ಕ್ರೀಡಾಂಗಣವೇ ಯೋಗ್ಯ ಸ್ಥಳ. ಎಡಗೈ ಕ್ರೀಡಾಪಟುವಿಗೂ ರೈಫಲ್ ಆಯ್ಕೆಯ ಮಾನದಂಡಗಳು ಬಹುಪಾಲು ಇವೇ: ಬೋಲ್ಟ್ ಯಾವ ಬದಿಗೆ, ಕಣ್ಣು ಯಾವುದು, ಗುಂಡುಗಳು ಎಷ್ಟು ಒತ್ತಾಗಿ ಬೀಳುತ್ತವೆ ಎಂಬುದು.