ಕನ್ನಡಿಯ ಹಿಂದಣ ಕತ್ತಲೆ: ಸ್ಮಾರ್ಟ್ ಕನ್ನಡಿಯ ಮಿಥ್ಯೆ ಮತ್ತು ತಥ್ಯ

ಬೆಳಗಿನ ಹೊತ್ತು ತಲೆ ಬಾಚಿಕೊಳ್ಳಲೆಂದು ಕನ್ನಡಿಯ ಮುಂದೆ ನಿಂತಾಗ, ತನ್ನ ಮುಖದ ಪಕ್ಕದಲ್ಲಿಯೇ ಗಂಟೆ ಎಷ್ಟಾಯಿತು, ಮಳೆ ಬರುವುದೋ ಇಲ್ಲವೋ, ಇಂದು ಮಾಡಬೇಕಾದ ಕೆಲಸಗಳಾವುವು ಎಂಬುದೆಲ್ಲ ಬಿಳಿಯ ಅಕ್ಷರಗಳಲ್ಲಿ ತೇಲಿ ನಿಂತಿರುವುದನ್ನು ಮೊದಲ ಸಲ ಕಂಡವರಿಗೆ ಅದು ಮಾಯೆಯೆಂದೇ ತೋರುವುದು ಸಹಜ. ನೆದರ್ಲೆಂಡ್ಸ್ ದೇಶದ ಮೈಕೆಲ್ ಟೇವ್ ಎಂಬವರು, ನ್ಯೂಯಾರ್ಕಿನ ಮಳಿಗೆಯೊಂದರಲ್ಲಿ ಕನ್ನಡಿಯ ಹಿಂದಿನಿಂದ ಬೆಳಗುತ್ತಿದ್ದ ಫಲಕವೊಂದನ್ನು ಕಂಡು, 2014ರಲ್ಲಿ ತಮ್ಮ ಮನೆಗಾಗಿ ಇಂಥದೊಂದನ್ನು ರಚಿಸಿ, ಅದರ ತಂತ್ರಾಂಶವನ್ನು ‘ಮ್ಯಾಜಿಕ್ ಮಿರರ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಂದಿನಿಂದ, ಇದು ಸಾವಿರಾರು ಹವ್ಯಾಸಿಗಳ ಕೈಗೆಲಸವಾಗಿ ಹಬ್ಬಿದೆ. ಹೆಸರಿನಲ್ಲಿ ಮಾಯೆ ಇರುವುದರಿಂದಲೋ ಏನೋ, ಇದರ ಸುತ್ತ ಮಿಥ್ಯೆಗಳೂ ಬೆಳೆದುಕೊಂಡಿವೆ. ಕನ್ನಡಿ ಕೆಡುವುದೂ ಗೋಡೆಯಿಂದ ಬೀಳುವುದೂ ಬಹುಮಟ್ಟಿಗೆ ಅವುಗಳಿಂದಲೇ.

ತಪ್ಪು ಕಲ್ಪನೆ: ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ವಿಶೇಷ ಗಾಜು ಇದಕ್ಕೆ ಬೇಕು.

ಸತ್ಯ: ಹಾಗೆ ಒಮ್ಮುಖವಾಗಿ ಬೆಳಕನ್ನು ಬಿಡುವ ಗುಣ ಈ ಗಾಜಿಗಿಲ್ಲ. ಇದರ ಮೇಲಿರುವ ಅತಿ ತೆಳುವಾದ ಲೋಹದ ಲೇಪವು ತನ್ನ ಮೇಲೆ ಬಿದ್ದ ಬೆಳಕಿನ ಒಂದು ಭಾಗವನ್ನು ಹಿಂದಕ್ಕೆ ಕಳುಹಿ, ಇನ್ನೊಂದು ಭಾಗವನ್ನು ಒಳಕ್ಕೆ ಬಿಡುವುದು. ದಾಟಿ ಹೋಗುವ ಬೆಳಕಿನ ಪ್ರಮಾಣವು ಯಾವ ಕಡೆಯಿಂದ ನೋಡಿದರೂ ಒಂದೇ. ಭೇದವಿರುವುದು ಗಾಜಿನ ಎರಡು ಪಕ್ಕಗಳ ಬೆಳಕಿನಲ್ಲಿ. ರಾತ್ರಿ ದೀಪ ಹಚ್ಚಿದ ಕೋಣೆಯ ಕಿಟಕಿಯ ಬಳಿ ನಿಂತರೆ ಹೊರಗಣ ಅಂಗಳ ಕಾಣದೆ ನಮ್ಮ ಮುಖವೇ ಕಾಣುವುದನ್ನೂ, ಹಗಲಿನಲ್ಲಿ ಅದೇ ಗಾಜಿನೊಳಗಿಂದ ಅಂಗಳದ ತುಳಸೀಕಟ್ಟೆ ನಿಚ್ಚಳವಾಗಿ ತೋರುವುದನ್ನೂ ಯಾರು ತಾನೆ ಕಂಡಿಲ್ಲ? ಬರಿಯ ಗಾಜು ಪ್ರತಿಫಲಿಸುವುದು ಸುಮಾರು ನೂರರಲ್ಲಿ 8 ಪಾಲು ಮಾತ್ರ. ಆದರೂ ಹಿಂದೆ ಕತ್ತಲೆಯಿದ್ದರೆ ಅಷ್ಟರಿಂದಲೇ ಅದು ದರ್ಪಣವಾಗಬಲ್ಲದು. ಸ್ಮಾರ್ಟ್ ಕನ್ನಡಿಯಲ್ಲಿ ಗಾಜಿನ ಹಿಂದೆ ಮಾನಿಟರೊಂದಿದ್ದು, ಅದರ ಬೆಳಗುವ ಅಕ್ಷರಗಳು ಮಾತ್ರ ಗಾಜನ್ನು ದಾಟಿ ತೋರಬೇಕು. ಆದಕಾರಣ ಇದನ್ನು ಮಾಡುವವನ ಮುಖ್ಯ ಕರ್ತವ್ಯವೆಂದರೆ ಗಾಜಿನ ಹಿಂದಣ ಕತ್ತಲೆಯನ್ನು ಕಾಪಾಡುವುದು. ಉಳಿದ ಕೆಲಸಗಳೆಲ್ಲ ಇದನ್ನು ಅನುಸರಿಸಿ ಬರತಕ್ಕವು.

ತಪ್ಪು ಕಲ್ಪನೆ: ಮನೆಯ ಹಳೆಯ ಕನ್ನಡಿಯ ಹಿಂಬದಿಯನ್ನು ಕೆರೆದರೆ ಸಾಕು.

ಸತ್ಯ: ಸಾಮಾನ್ಯ ಕನ್ನಡಿಯ ಹಿಂದೆ ಬೆಳಕು ತೂರದಷ್ಟು ದಟ್ಟವಾದ ಬೆಳ್ಳಿಯ ಲೇಪವೂ, ಅದನ್ನು ರಕ್ಷಿಸುವ ಬಣ್ಣದ ಪದರವೂ ಇರುತ್ತವೆ. ಕೆರೆದರೆ ಬಣ್ಣದೊಡನೆ ಬೆಳ್ಳಿಯೂ ಕಿತ್ತುಬಂದು ಬರಿಯ ಗಾಜು ಉಳಿಯುವುದು. ತೆಳುಲೇಪದ ‘ಟೂ-ವೇ’ ಗಾಜನ್ನೇ ಕೇಳಿ ತರಬೇಕು. ಇಂಥದೇ ಲೇಪವಿರುವ ಅಕ್ರಿಲಿಕ್ ಹಾಳೆ ಗಾಜಿನ ಅರ್ಧದಷ್ಟೂ ಭಾರವಿಲ್ಲ, ಸುಲಭವಾಗಿ ಒಡೆಯುವುದೂ ಇಲ್ಲ, ನಿಜ. ಆದರೆ ಅದು ಬಾಗುವುದರಿಂದ ಮುಖವು ವಿಕಾರವಾಗಿ ತೋರುವುದು, ಒರಸಿದಷ್ಟೂ ಗೀರು ಬೀಳುವುದು. ಸಾದಾ ಗಾಜಿಗೆ ಪ್ರತಿಫಲಿಸುವ ಅಂಟುಹಾಳೆ ಹಚ್ಚುವುದು ಅಗ್ಗದ ದಾರಿ. ಆದರೆ ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಅಲ್ಲೊಂದು ಗುಳ್ಳೆ ಏಳುವುದು.

ತಪ್ಪು ಕಲ್ಪನೆ: ಮಾನಿಟರಿನಲ್ಲಿ ಕಪ್ಪು ಹಿನ್ನೆಲೆ ಇಟ್ಟರೆ ಅದು ತಾನಾಗಿ ಮರೆಯಾಗುವುದು.

ಸತ್ಯ: ಎಲ್‌ಸಿಡಿ ಮಾನಿಟರಿನ ಹಿಂದೆ ದೀಪವು ಸದಾ ಉರಿಯುತ್ತಿದ್ದು, ಕಪ್ಪೆಂದು ನಾವು ಕರೆಯುವ ಭಾಗದಿಂದಲೂ ಕೊಂಚ ಬೆಳಕು ಸೋರುತ್ತಲೇ ಇರುವುದು. ಹಗಲಿನಲ್ಲಿ ಗೊತ್ತಾಗದ ಈ ಸೋರಿಕೆ, ಕೋಣೆಯ ದೀಪ ಮಂದವಾದೊಡನೆ ಕನ್ನಡಿಯ ನಡುವೆ ಮಾಸಲು ಬೂದಿಬಣ್ಣದ ಚೌಕವಾಗಿ ಎದ್ದುಕಾಣುವುದು. ಎಲ್‌ಸಿಡಿಯಲ್ಲಿ ಐಪಿಎಸ್ ಎಂಬ ಬಗೆಯ ಸಾಮಾನ್ಯ ಪರದೆಯಲ್ಲಿ ಬಿಳುಪಿಗೂ ಕಪ್ಪಿಗೂ ಇರುವ ಅನುಪಾತ ಸುಮಾರು 1000ಕ್ಕೆ 1 ಇದ್ದರೆ, ವಿಎ ಎಂಬ ಬಗೆಯ ಪರದೆಯಲ್ಲಿ ಅದು 3000ಕ್ಕೆ 1ರ ಆಸುಪಾಸಿನಲ್ಲಿರುವುದರಿಂದ ಈ ಕೆಲಸಕ್ಕೆ ಎರಡನೆಯದು ಹೆಚ್ಚು ಕಪ್ಪನ್ನು ಕೊಡುವುದು. ಪರದೆಯನ್ನು ಗಾಜಿಗೆ ತಾಗುವಂತೆ ಕೂರಿಸಿ, ಅದರ ಅಂಚಿನಿಂದಾಚೆ ಉಳಿದ ಗಾಜಿನ ಹಿಂದೆಲ್ಲ ಕಪ್ಪು ರಟ್ಟನ್ನೋ ಬಟ್ಟೆಯನ್ನೋ ಒತ್ತಾಗಿ ಹೊದಿಸತಕ್ಕದ್ದು.

ತಪ್ಪು ಕಲ್ಪನೆ: ಇದು ಪಂಡಿತರ ಕೆಲಸ, ಮೇಲಾಗಿ ಕನ್ನಡಿ ನಮ್ಮನ್ನು ನೋಡುತ್ತಿರುತ್ತದೆ.

ಸತ್ಯ: ಅಂಗೈಯಗಲದ ರಾಸ್ಪ್‌ಬೆರಿ ಪೈ ಗಣಕ, ಹಳೆಯ ಮಾನಿಟರು, ಮುಕ್ತ ತಂತ್ರಾಂಶ, ಗಾಜಿನ ಹಿಂದೆ ಬೇಕಾದುದು ಇಷ್ಟೇ. ಗಡಿಯಾರ, ಕ್ಯಾಲೆಂಡರು, ಹವಾಮಾನ, ಸುದ್ದಿಗಳು ಸಿದ್ಧರೂಪದಲ್ಲಿಯೇ ದೊರೆಯುತ್ತವೆ. ಒಂದು ಕಡತದಲ್ಲಿ ನಮ್ಮ ಊರು, ನಮ್ಮ ಅಗತ್ಯಗಳನ್ನು ತುಂಬುವ ತಾಳ್ಮೆ ಸಾಕು. ಕ್ಯಾಮೆರಾ, ಮೈಕ್ ಇದರ ಅಂಗಗಳಲ್ಲ. ನಾವು ಕೂರಿಸದ ಹೊರತು ಈ ಕನ್ನಡಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ.

ತಪ್ಪು ಕಲ್ಪನೆ: ಚಿತ್ರಪಟದಂತೆ ಒಂದು ಮೊಳೆಗೆ ತೂಗುಹಾಕಬಹುದು.

ಸತ್ಯ: ಲೆಕ್ಕ ಹಾಕಿ ನೋಡೋಣ. 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 4 ಮಿ.ಮೀ. ದಪ್ಪದ ಗಾಜೇ ಸುಮಾರು 2.7 ಕಿಲೋ ತೂಗುವುದು. ಮಾನಿಟರೂ ಇವೆರಡನ್ನೂ ಹಿಡಿದಿಡುವ ಮರದ ಪೆಟ್ಟಿಗೆಯೂ ಸೇರಿದರೆ 8 ಕಿಲೋವಿನಷ್ಟಾಗುವುದು. ಗೋಡೆಯ ಗಾರೆಗೆ ಇಷ್ಟು ಭಾರವನ್ನು ಹೊರುವ ಶಕ್ತಿಯಿಲ್ಲ. ಗಾರೆಯನ್ನು ದಾಟಿ ಇಟ್ಟಿಗೆಯೊಳಕ್ಕೆ ಕೊರೆದು, ಪ್ಲಗ್ ಕೂರಿಸಿ ಸ್ಕ್ರೂ ಬಿಗಿಯಬೇಕು. ಮರದ ಪಟ್ಟಿಯೊಂದನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿಸಿ, ಒಂದು ಹೋಳನ್ನು ಗೋಡೆಗೂ ಇನ್ನೊಂದನ್ನು ಪೆಟ್ಟಿಗೆಯ ಬೆನ್ನಿಗೂ ಬಿಗಿದು, ಒಂದರ ಮೇಲೊಂದು ಕಚ್ಚಿ ಕೂರುವಂತೆ ಮಾಡಿದರೆ ಭಾರವು ಪಟ್ಟಿಯುದ್ದಕ್ಕೂ ಹಂಚಿಹೋಗುವುದು. ಬೇಕಾದಾಗ ಎತ್ತಿ ಇಳಿಸಲೂ ಬರುವುದು. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಎಲ್ಲಿಯೂ ಕೊರೆಯಬಾರದು. ಗೋಡೆಯೊಳಗಣ ವೈರು ಬಹುಶಃ ಆ ದಾರಿಯಲ್ಲಿಯೇ ಇರುತ್ತದೆ.

ತಪ್ಪು ಕಲ್ಪನೆ: ಧೂಳು, ಬೆಳಕು ನುಸುಳದಂತೆ ಪೆಟ್ಟಿಗೆಯನ್ನು ಪೂರ್ತಿ ಮುಚ್ಚಬೇಕು.

ಸತ್ಯ: ಕತ್ತಲೆಯನ್ನು ಕಾಪಾಡುವ ಆತುರದಲ್ಲಿ ಗಾಳಿಯ ದಾರಿಯನ್ನೇ ಕಟ್ಟಿಬಿಡುವವರುಂಟು. ಮಾನಿಟರೂ ಗಣಕವೂ ಬಿಸಿಯನ್ನು ಹೊರಸೂಸುವ ವಸ್ತುಗಳು. 80 ಡಿಗ್ರಿ ಸೆಲ್ಸಿಯಸ್ ಮೀರಿತೆಂದರೆ ರಾಸ್ಪ್‌ಬೆರಿ ಪೈ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಬಿಸಿಗಾಳಿ ಮೇಲೇರುವುದರಿಂದ ಪೆಟ್ಟಿಗೆಯ ಕೆಳಗೂ ಮೇಲೂ ರಂಧ್ರಗಳಿರಬೇಕು. ಅವನ್ನು ಗೋಡೆಯ ಕಡೆಗೆ ಮುಖಮಾಡಿ ಕೊರೆದು, ಒಳಮೈಗೆ ಕಪ್ಪು ಬಣ್ಣ ಬಳಿದರೆ ಗಾಳಿಯೂ ಆಡುವುದು, ಕತ್ತಲೆಯೂ ಉಳಿಯುವುದು. ಮಾನಿಟರಿನ ವಿದ್ಯುತ್ ಭಾಗವನ್ನು ಮಾತ್ರ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಲ್ಲದು. ಉಗಿ ತುಂಬುವ ಬಚ್ಚಲುಮನೆಯ ಗೋಡೆಯೂ ಇದಕ್ಕೆ ತಕ್ಕ ಸ್ಥಾನವಲ್ಲ.

ಗೋಡೆಯನ್ನು ಕೊರೆಯುವ ಮೊದಲು ಒಂದು ಪರೀಕ್ಷೆಯನ್ನು ಮಾಡಿ ನೋಡತಕ್ಕದ್ದು. ಗಾಜನ್ನು ಮಾನಿಟರಿಗೆ ಆನಿಸಿ, ಕನ್ನಡಿಯನ್ನು ತೂಗುಹಾಕಬೇಕೆಂದಿರುವ ಜಾಗದಲ್ಲಿಯೇ ಹಿಡಿದು, ಹಗಲೊಮ್ಮೆ, ದೀಪ ಹಚ್ಚಿದ ಮೇಲೊಮ್ಮೆ, ದೀಪ ಆರಿಸಿ ಮತ್ತೊಮ್ಮೆ ಮುಂದೆ ನಿಂತು ನೋಡಿರಿ. ಯಾವ ಹೊತ್ತಿನಲ್ಲಿ ನಿಮ್ಮ ಮುಖ ತಿಳಿಯಾಗಿಯೂ ಅಕ್ಷರಗಳು ಸ್ಫುಟವಾಗಿಯೂ ಕಾಣುತ್ತವೆ, ಯಾವ ಹೊತ್ತಿನಲ್ಲಿ ಬೂದಿಬಣ್ಣದ ಚೌಕ ಇಣುಕುತ್ತದೆ ಎಂಬುದನ್ನು ನಿಮ್ಮ ಮನೆಯ ಬೆಳಕೇ ಹೇಳಿಕೊಡುವುದು. ಆ ಗೋಡೆ ಸರಿಯೆಂದು ಕಂಡುಬಂದ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿರಿ.