ಮುಚ್ಚಳವುಳ್ಳ ಕಣಿವೆ

ಬೆಟ್ಟದ ತಪ್ಪಲಿನ ಊರುಗಳ ಹವೆ ಆರೋಗ್ಯಕ್ಕೆ ಒಳ್ಳೆಯದೆಂಬುದು ಬಹುಕಾಲದ ನಂಬಿಕೆ. ಹಿಮಾಲಯದ ಬುಡದಲ್ಲಿರುವ ಡೆಹರಾಡೂನ್ ನಗರಕ್ಕೂ ಇಂತಹ ಹೆಸರು ಹಿಂದಿನಿಂದಲೇ ಬಂದಿದೆ. ಸುತ್ತಲೂ ಸಾಲವೃಕ್ಷದ ಕಾಡುಗಳು, ಲಿಚಿಯ ತೋಟಗಳು, ಉತ್ತರಕ್ಕೆ ಮಸ್ಸೂರಿಯ ಬೆಟ್ಟಸಾಲು. ಇಂತಹ ಸ್ಥಳದಲ್ಲಿ ಗಾಳಿ ಕೆಡುವುದುಂಟೇ ಎಂದು ಯಾರಾದರೂ ಕೇಳಬಹುದು. ಆದರೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ, ಗಾಳಿಯ ಗುಣಮಟ್ಟವನ್ನು ಸುಧಾರಿಸಿಕೊಳ್ಳಬೇಕಾದ ನಗರಗಳ ಪಟ್ಟಿಯೊಳಗೆ ಡೆಹರಾಡೂನಿನ ಹೆಸರೂ ಸೇರಿದೆ.

ಇದಕ್ಕಿಂತಲೂ ಸೋಜಿಗದ ಸಂಗತಿ ಬೇರೊಂದಿದೆ. ಇದೇ ಊರಿನ ಗಾಳಿ ಆಗಸ್ಟ್ ತಿಂಗಳಲ್ಲಿ ನಿರ್ಮಲವಾಗಿರುತ್ತದೆ, ಡಿಸೆಂಬರಿನಲ್ಲಿ ಮಲಿನವಾಗಿರುತ್ತದೆ. ವಾಹನಗಳು ವರ್ಷವಿಡೀ ಓಡುತ್ತವೆ, ಒಲೆಗಳು ವರ್ಷವಿಡೀ ಉರಿಯುತ್ತವೆ. ಹಾಗಾದರೆ ಈ ವ್ಯತ್ಯಾಸಕ್ಕೆ ಕಾರಣವೇನು? ಉತ್ತರವನ್ನು ನೆಲದ ಆಕಾರದಲ್ಲಿಯೂ ಋತುಗಳ ನಡೆಯಲ್ಲಿಯೂ ನಾವು ಹುಡುಕಬೇಕು.

ಮೊದಲು ನೆಲದ ಆಕಾರವನ್ನು ನೋಡೋಣ. ಹಿಮಾಲಯದ ಮುಂದುಗಡೆ ಶಿವಾಲಿಕ್ ಎಂಬ ತಗ್ಗಾದ ಬೆಟ್ಟಗಳ ಸಾಲೊಂದು ಹಬ್ಬಿದೆ. ಈ ಎರಡರ ನಡುವಣ ಅಗಲವಾದ ಕಣಿವೆಯನ್ನು ಆ ಪ್ರಾಂತದ ಜನರು ಡೂನ್ ಎನ್ನುತ್ತಾರೆ. ಡೆಹರಾಡೂನ್ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ; ಅದರ ಬೆನ್ನಿಗಿರುವ ಮಸ್ಸೂರಿ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಕಣಿವೆಯ ಪೂರ್ವದ ತುದಿಯಲ್ಲಿ ಗಂಗೆಯೂ ಪಶ್ಚಿಮದ ತುದಿಯಲ್ಲಿ ಯಮುನೆಯೂ ಹರಿಯುತ್ತವೆ. ಎರಡು ಉದ್ದನೆಯ ಗೋಡೆಗಳ ನಡುವೆ ದೋಣಿಯಂತೆ ಮಲಗಿರುವ ಈ ತಗ್ಗಿನಲ್ಲಿ ನಗರವು ನೆಲೆಸಿದೆ. ಬಯಲುಸೀಮೆಯ ಗಾಳಿಯು ಹೊಗೆಯನ್ನು ಯಾವ ದಿಕ್ಕಿಗಾದರೂ ಹೊತ್ತೊಯ್ಯಬಲ್ಲದು. ಇಲ್ಲಿ ಗೋಡೆಗಳು ಅಡ್ಡ ನಿಲ್ಲುವುದರಿಂದ ಹೊಗೆಗೆ ಉಳಿಯುವ ಮುಖ್ಯ ಮಾರ್ಗವೆಂದರೆ ಮೇಲ್ಮುಖವಾದುದು.

ಈ ಮೇಲಿನ ಮಾರ್ಗ ಯಾವಾಗ ತೆರೆದಿರುತ್ತದೆ? ಸೂರ್ಯನ ಬಿಸಿಲು ಮೊದಲು ನೆಲವನ್ನು ಕಾಯಿಸುತ್ತದೆ. ನೆಲವು ತನ್ನನ್ನು ಮುಟ್ಟಿದ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಗುರವಾಗಿ ಮೇಲೇರುತ್ತದೆ, ಮೇಲಿನ ತಂಪುಗಾಳಿ ಕೆಳಗಿಳಿಯುತ್ತದೆ. ಪಾತ್ರೆಯಲ್ಲಿ ಕುದಿಯುವ ನೀರಿನಂತೆ ವಾಯುವು ಹೀಗೆ ಕಲಕಿ ಬೆರೆಯುವಾಗ ಹೊಗೆಯೂ ಮೇಲಕ್ಕೆ ಹರಡಿ ತೆಳುವಾಗುತ್ತದೆ. ಸಾಮಾನ್ಯವಾಗಿ ಎತ್ತರಕ್ಕೆ ಹೋದಂತೆಲ್ಲ ಗಾಳಿ ತಂಪಾಗುತ್ತದೆ. ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಇಳಿಯುತ್ತದೆ. ಈ ಕ್ರಮವಿರುವ ತನಕ ಕಾದ ಗಾಳಿಯ ಏರುವಿಕೆಗೆ ಅಡ್ಡಿಯಿಲ್ಲ.

ಚಳಿಗಾಲದ ರಾತ್ರಿಯಲ್ಲಿ ಈ ಕ್ರಮವೇ ತಲೆಕೆಳಗಾಗುತ್ತದೆ. ಆಕಾಶ ತಿಳಿಯಾಗಿರುವುದರಿಂದ ನೆಲವು ತನ್ನ ಶಾಖವನ್ನು ಬೇಗನೆ ಕಳೆದುಕೊಳ್ಳುತ್ತದೆ. ನೆಲಕ್ಕೆ ಅಂಟಿದ ಗಾಳಿಯೂ ತಣ್ಣಗಾಗುತ್ತದೆ. ಬೆಟ್ಟದ ಇಳಿಜಾರುಗಳ ಮೇಲೆ ತಣಿದ ಗಾಳಿ ಭಾರವಾಗಿ, ನೀರಿನಂತೆಯೇ ಕೆಳಗೆ ಜಾರಿ, ಕಣಿವೆಯ ತಳದಲ್ಲಿ ಶೇಖರವಾಗುತ್ತದೆ. ಆಗ ಕೆಳಗೆ ತಂಪಾದ ಭಾರದ ಗಾಳಿ, ಮೇಲೆ ಅದಕ್ಕಿಂತ ಬೆಚ್ಚನೆಯ ಹಗುರವಾದ ಗಾಳಿ. ಇದನ್ನು ವಿಜ್ಞಾನಿಗಳು ಉಷ್ಣತಾ ವಿಲೋಮವೆಂದು ಕರೆಯುತ್ತಾರೆ. ಭಾರದ ವಸ್ತು ಹಗುರವಾದುದನ್ನು ಸೀಳಿ ಮೇಲೇರಲಾರದು. ಆದುದರಿಂದ ಕಣಿವೆಗೆ ಮುಚ್ಚಳವಿಟ್ಟಂತಾಗುತ್ತದೆ. ಚಳಿಗಾಲದ ಬೆಳಗಿನಲ್ಲಿ ಒಲೆಯ ಹೊಗೆ ಸ್ವಲ್ಪ ಮೇಲೇರಿ, ಬಳಿಕ ಅಡ್ಡಡ್ಡಲಾಗಿ ಚಾಪೆಯಂತೆ ಹರಡಿ ನಿಲ್ಲುವುದನ್ನು ಓದುಗರು ತಮ್ಮ ಊರಿನಲ್ಲಿಯೂ ಕಂಡಿರಬಹುದು. ಅಲ್ಲಿಯೂ ನಡೆಯುವುದು ಇದೇ.

ಇದರ ಪರಿಣಾಮವನ್ನು ಸುಲಭವಾದ ಲೆಕ್ಕದಿಂದ ತಿಳಿಯಬಹುದು. ಬೇಸಗೆಯ ಮಧ್ಯಾಹ್ನ ಹೊಗೆಯು 1,500 ಮೀಟರ್ ಎತ್ತರದವರೆಗೆ ಬೆರೆಯುವುದೆಂದೂ, ಚಳಿಗಾಲದ ರಾತ್ರಿ 150 ಮೀಟರಿನವರೆಗೆ ಮಾತ್ರ ಬೆರೆಯುವುದೆಂದೂ ಇಟ್ಟುಕೊಳ್ಳೋಣ. ಊರು ಉಗುಳುವ ಹೊಗೆ ಅಷ್ಟೇ ಇದ್ದರೂ, ಅದು ತುಂಬಬೇಕಾದ ಪಾತ್ರೆ ಹತ್ತರಲ್ಲೊಂದು ಪಾಲಾಯಿತು. ಹೊಗೆಯ ಸಾಂದ್ರತೆ ಹತ್ತುಪಟ್ಟಾಯಿತು. ಇದರ ಮೇಲೆ ಚಳಿ ಕಾಯಿಸಲು ಹಾಕುವ ಬೆಂಕಿ, ಕಸಕ್ಕೆ ಇಡುವ ಬೆಂಕಿ ಸೇರಿಕೊಂಡರೆ ಹೇಳಬೇಕಾದುದೇ ಇಲ್ಲ.

ಚಳಿಗಾಲದ ಸಂಜೆ ಮಸ್ಸೂರಿಯಿಂದ ಪಶ್ಚಿಮಕ್ಕೆ ನೋಡಿದರೆ, ನಿಜವಾದ ದಿಗಂತದ ಮೇಲೆ ಮತ್ತೊಂದು ದಿಗಂತವಿರುವಂತೆ ಕೆಂಪು, ನೇರಿಳೆ ಬಣ್ಣಗಳ ಗೆರೆಯೊಂದು ಕಾಣಿಸುತ್ತದೆ. ಅಲ್ಲಿನವರು ಅದನ್ನು ವಿಂಟರ್‌ಲೈನ್ ಎನ್ನುತ್ತಾರೆ. ಕೆಳಗಿನ ತಂಪುಗಾಳಿಯಲ್ಲಿ ಸೆರೆಸಿಕ್ಕಿದ ಧೂಳು, ಹೊಗೆ, ತೇವಗಳ ಪದರದ ಮೇಲಂಚೇ ಆ ಗೆರೆ. ಮೇಲಿರುವವರಿಗೆ ನೋಟವಾಗಿ ಕಾಣುವ ಇಂತಹ ಪದರವೇ ಕೆಳಗಿರುವವರಿಗೆ ಉಸಿರು.

ಉಳಿದ ಋತುಗಳ ರೀತಿ ಬೇರೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ವಾಯುಕ್ಷೋಭೆಗಳು ಆಗಾಗ ಮಳೆ ತಂದು, ಕೆಲವು ದಿನ ಮುಚ್ಚಳವನ್ನು ಒಡೆಯುತ್ತವೆ. ಏಪ್ರಿಲಿನಿಂದ ಜೂನಿನವರೆಗೆ ಬಿಸಿಲು ತೀವ್ರವಾಗಿ ಗಾಳಿ ಚೆನ್ನಾಗಿ ಕಲಕುತ್ತದೆ. ಆದರೆ ಬಯಲಿನ ಧೂಳೂ, ಬೆಟ್ಟಗಳ ಪೈನ್ ಕಾಡುಗಳಿಗೆ ಬೀಳುವ ಕಿಚ್ಚಿನ ಹೊಗೆಯೂ ಬಂದು ಸೇರುತ್ತವೆ. ಜೂನ್ ಕೊನೆಯ ಹೊತ್ತಿಗೆ ಬರುವ ಮುಂಗಾರಿನ ತೇವಗಾಳಿ ಮಸ್ಸೂರಿಯ ಗೋಡೆಗೆ ತಗುಲಿ ಮೇಲೇರಿ ತಣಿದು ಧಾರಾಕಾರವಾಗಿ ಸುರಿಯುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಭಾಗ ಮುಂಗಾರಿನದೇ. ಮಳೆಹನಿಗಳು ಧೂಳನ್ನು ತೊಳೆಯುತ್ತವೆ, ಒದ್ದೆನೆಲದಿಂದ ಹೊಸ ಧೂಳು ಏಳುವುದಿಲ್ಲ. ಚಳಿಗಾಲದಲ್ಲಿ ಶತ್ರುವಾಗಿದ್ದ ಬೆಟ್ಟಸಾಲು ಮಳೆಗಾಲದಲ್ಲಿ ಮಿತ್ರನಾಗುವುದು ಹೀಗೆ.

ಇದರಲ್ಲಿ ನಮ್ಮ ಶ್ವಾಸಕೋಶಗಳ ಪಾಡೇನು? 2.5 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ನಾನೂರರಲ್ಲೊಂದು ಪಾಲಿಗಿಂತ ಚಿಕ್ಕದಾದ ಕಣಗಳನ್ನು ಮೂಗಿನ ಕೂದಲಾಗಲಿ ಗಂಟಲಿನ ಲೋಳೆಯಾಗಲಿ ಚೆನ್ನಾಗಿ ತಡೆಯಲಾರವು. ಅವು ಶ್ವಾಸಕೋಶದ ಕೊನೆಯ ಗೂಡುಗಳವರೆಗೆ ಹೋಗುತ್ತವೆ. ಕಾಲಕ್ರಮದಲ್ಲಿ ಶ್ವಾಸಕೋಶಕ್ಕೂ ಹೃದಯಕ್ಕೂ ಹಾನಿಮಾಡುತ್ತವೆ. ಒಂದು ಘನಮೀಟರ್ ಗಾಳಿಯಲ್ಲಿ ಇಂತಹ ಕಣಗಳು ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಮಿಗಿಂತ ಹೆಚ್ಚಿರಬಾರದೆಂದು 2009ರ ಭಾರತೀಯ ಮಾನಕವು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 15 ಮಾತ್ರ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ಹಿರಿಯರಿಗಿಂತ ಹೆಚ್ಚು ಗಾಳಿಯನ್ನು ಸೇವಿಸುವುದರಿಂದ ಅವರಿಗೆ ಅಪಾಯವೂ ಹೆಚ್ಚು.

ಮುಚ್ಚಳವನ್ನು ಎತ್ತಿಡುವ ಶಕ್ತಿ ಮನುಷ್ಯನಿಗಿಲ್ಲ. ಅದರ ಕೆಳಗೆ ಸೇರುವ ಹೊಗೆಯನ್ನು ತಗ್ಗಿಸುವುದು ಮಾತ್ರ ಅವನಿಗೆ ಸಾಧ್ಯ. ಇದಕ್ಕೆ ನಿದರ್ಶನವೂ ಈ ಕಣಿವೆಯಲ್ಲಿಯೇ ಇದೆ. ಮಸ್ಸೂರಿಯ ಇಳಿಜಾರುಗಳನ್ನು ಸುಣ್ಣಕಲ್ಲಿನ ಗಣಿಗಳು ಕೆಡಿಸುತ್ತಿದ್ದಾಗ, 1983ರಲ್ಲಿ ಸುಪ್ರೀಂ ಕೋರ್ಟಿಗೆ ದೂರು ಹೋಯಿತು. 1985ರಲ್ಲಿ ಕೋರ್ಟು ಅನೇಕ ಗಣಿಗಳನ್ನು ಮುಚ್ಚಿಸಿತು. ನವೆಂಬರ್ 2000ದಲ್ಲಿ ಹೊಸ ರಾಜ್ಯದ ರಾಜಧಾನಿಯಾದ ಮೇಲೆ ಈ ನಗರದಲ್ಲಿ ಜನರೂ ವಾಹನಗಳೂ ಬಹಳ ಹೆಚ್ಚಿವೆ. ಇಂತಹ ಊರಿಗೆ ಎಷ್ಟು ಹೊಗೆಯನ್ನು ತಾಳಿಕೊಳ್ಳುವ ಶಕ್ತಿಯಿದೆಯೆಂಬುದನ್ನು ಆಗಸ್ಟಿನ ತಿಳಿಗಾಳಿಯನ್ನು ನೋಡಿ ನಿಶ್ಚಯಿಸಬಾರದು. ಡಿಸೆಂಬರಿನ ರಾತ್ರಿ, ಕಣಿವೆಯ ಮೇಲೆ ಮುಚ್ಚಳ ಬಿದ್ದಾಗ, ಅಳೆದು ನಿಶ್ಚಯಿಸಬೇಕು.